ಲೇಹ್‌ಗೆ ಸೈಕಲ್ ಮೇಲೆ: ಶ್ರೀನಗರದ ರಸ್ತೆಯಾ, ಮನಾಲಿ ರಸ್ತೆಯಾ? ನಮ್ಮ ಕರಾವಳಿಯೋರಿಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಲೇಹ್‌ಗೆ ಸೈಕಲ್ ತಗೊಂಡು ಹೋಗ್ಬೇಕು ಅಂತ ಇರೋರು ನನ್ನ ಹತ್ರ ಕೇಳೂದು ಒಂದೇ ಪ್ರಶ್ನೆ, ಶ್ರೀನಗರದಿಂದ ಹತ್ತೂದಾ ಮನಾಲಿಯಿಂದ ಹತ್ತೂದಾ ಅಂತ. ಮೊದಲ ಸಲ ಆದ್ರೆ ಶ್ರೀನಗರ, ಎರಡು ಮಾತಿಲ್ಲ. ಮನಾಲಿ ರಸ್ತೆ ನೋಡೂಕೆ ಜಾಸ್ತಿ ಚಂದ, ಘಾಟುಗಳೂ ಎತ್ತರ, ಹೆಸರೂ ದೊಡ್ಡದು, ಎಲ್ಲಾ ಹೌದು, ಆದ್ರೆ ಸಮುದ್ರದ ದಂಡೆ ಮೇಲೆ ಹುಟ್ಟಿ ಬೆಳೆದ ಮೈಗೆ ಅದು ಮೊದಲನೇ ಪಾಠ ಆಗಬಾರ್ದು. ನಾನು ಅದನ್ನೇ ಮೊದಲು ಮಾಡಿದ್ದೆ, ಭಾವನನ್ನೂ ಕರ್ಕೊಂಡು ಹೋಗಿದ್ದೆ, ಸರ್ಚುವಿನಲ್ಲಿ ಒಂದು ರಾತ್ರಿ ಅನುಭವಿಸಿದ್ದು ಇವತ್ತಿಗೂ ಮರೆತಿಲ್ಲ.

ಮೊದಲು ನಮ್ಮ ಲೆಕ್ಕಕ್ಕೆ ಒಂದು ಅಳತೆ ಇಟ್ಕೊಳ್ಳುವಾ. ಕುಮಟಾ ಸಮುದ್ರದ ಮಟ್ಟ, ಶಿರಸಿ ಸುಮಾರು 590 ಮೀಟರ್ ಎತ್ತರ. ಕತಗಾಲ ದಾಟಿ ದೇವಿಮನೆ ಘಾಟ್ ಹತ್ತಿ ಶಿರಸಿ ಮುಟ್ಟಿದ್ರೆ ನಾವು ಏರಿದ್ದು ಹೆಚ್ಚುಕಡಿಮೆ 600 ಮೀಟರ್. ಇದನ್ನ ನಾನು 'ಒಂದು ಶಿರಸಿ' ಅಂತ ಕರೀತೇನೆ, ಅಲ್ಲಿಯ ನಂಬರ್ ನೋಡಿದಾಗ ಕಾಲಿಗೆ ಅರ್ಥ ಆಗೂ ಹಾಗೆ. ಸೋನಾಮಾರ್ಗ್‌ನಿಂದ ಜೋಜಿ ಲಾ ತುದಿಗೆ ಸುಮಾರು 800 ಮೀಟರ್, ಅಂದ್ರೆ ಒಂದೂಕಾಲು ಶಿರಸಿ ಚಿಲ್ಲರೆ. ಕಾರ್ಗಿಲ್‌ನಿಂದ ನಮಿಕಾ ಲಾ 1000 ಮೀಟರ್, ಒಂದೂಮುಕ್ಕಾಲು ಶಿರಸಿ ಹತ್ರಹತ್ರ. ಮನಾಲಿ ಕಡೆ ದಾರ್ಚಾದಿಂದ ಬಾರಾಲಾಚಾ ಲಾ 1500 ಮೀಟರ್, ಎರಡೂವರೆ ಶಿರಸಿ ಒಂದರ ಮೇಲೊಂದು ಇಟ್ಟ ಹಾಗೆ. ಲಡಾಖಿ ಭಾಷೇಲಿ 'ಲಾ' ಅಂದ್ರೇ ಘಟ್ಟದ ದಾರಿ, ಹಾಗಾಗಿ 'ಜೋಜಿ ಲಾ ಪಾಸ್' ಅನ್ನೂದು 'ಅರಬೈಲ್ ಘಾಟ್ ಘಾಟ್' ಅಂದ ಹಾಗೆ.

ಇದಿಷ್ಟು ನೋಡಿ ಕೆಲವರು, ಓಹ್ ನಾನು ದೇವಿಮನೆ ದಿನಕ್ಕೆ ಎರಡು ಸಲ ಹತ್ತಿದೋನು, ಆಗ್ತದೆ ಬಿಡು ಅಂತಾರೆ. ಕಾಲು ಒಪ್ಕೊಳ್ತದೆ, ಅದರಲ್ಲಿ ಸಂಶಯ ಇಲ್ಲ. ತೊಂದರೆ ಕೊಡೂದು ಗಾಳಿ. ಲೇಹ್ ಇರೂದು 3500 ಮೀಟರಲ್ಲಿ, ಅಲ್ಲಿ ಒಂದು ಉಸಿರಿಗೆ ಸಿಗೂ ಆಕ್ಸಿಜನ್ ನಮ್ಮ ಟಾಗೋರ್ ಬೀಚ್ ಮೇಲೆ ಸಿಗೂದರ ಮೂರರಲ್ಲಿ ಎರಡು ಪಾಲು, 5300 ಮೀಟರಿಗೆ ಹೋದ್ರೆ ಸುಮಾರು ಅರ್ಧ. ಇದಕ್ಕೆ ದೇವಿಮನೆ, ಅಣಶಿ ಯಾವ ಘಾಟೂ ತಯಾರಿ ಕೊಡೂದಿಲ್ಲ, ಯಾಕಂದ್ರೆ ನಮ್ಮ ಜಿಲ್ಲೆಯ ಅತಿ ಎತ್ತರದ ಗುಡ್ಡಕ್ಕೆ ಹೋದ್ರೂ ಅಲ್ಲಿ ಗಾಳಿ ದಪ್ಪವೇ. ಅಲ್ಲಿಗೆ ಹೋಗೇ ಮೈ ಕಲೀಬೇಕು, ಅದೂ ರಾತ್ರಿ ಮಲಗಿದಾಗ ಕಲೀತದೆ. ಡಾಕ್ಟರುಗಳು ಹೇಳೂ ನಿಯಮ ಏನಪ್ಪಾ ಅಂದ್ರೆ 3000 ಮೀಟರ್ ದಾಟಿದ ಮೇಲೆ ಮಲಗೂ ಜಾಗದ ಎತ್ತರವನ್ನ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರ್ದು, ಮೂರ್ನಾಲ್ಕು ದಿನಕ್ಕೊಂದು ದಿನ ಅಲ್ಲೇ ಉಳೀಬೇಕು. ಹಗಲು ಎಷ್ಟು ಮೇಲೆ ಹೋಗಿ ಬಂದ್ರೂ ಅಷ್ಟು ತೊಂದರೆ ಇಲ್ಲ, ಹಾಸಿಗೆ ಎಲ್ಲಿ ಹಾಕ್ತೀರಿ ಅನ್ನೂದೇ ಲೆಕ್ಕ.

ಈಗ ಎರಡೂ ರಸ್ತೆಯನ್ನ ಈ ಹಾಸಿಗೆ ಲೆಕ್ಕದಲ್ಲಿ ನೋಡಿ.

ಶ್ರೀನಗರ ಸುಮಾರು 1585 ಮೀಟರ್. ಅಲ್ಲಿಂದ ಸಿಂಧ್ ನದಿ (ಲೇಹ್ ಕಡೆಯ ಸಿಂಧೂ ಬೇರೆ) ಪಕ್ಕದಲ್ಲಿ ಕಂಗನ್ ಮೇಲಿಂದ ನಿಧಾನಕ್ಕೆ ಏರ್ತಾ ಸೋನಾಮಾರ್ಗ್‌ಗೆ 80 ಕಿಲೋಮೀಟರ್, ಎತ್ತರ ಸುಮಾರು 2740. ಇದನ್ನ ಎರಡು ದಿನ ಮಾಡಿ, ಅವಸರ ಬೇಡ. ಮರುದಿನ ಜೋಜಿ ಲಾ 3528 ಮೀಟರ್ ದಾಟಿ ದ್ರಾಸ್, 3280. ಅಲ್ಲಿಂದ ಕಾರ್ಗಿಲ್‌ಗೆ ಹೆಚ್ಚಿನದು ಇಳಿಜಾರೇ, ರಾತ್ರಿ ಮಲಗೂದು 2676 ಮೀಟರಲ್ಲಿ. ನೋಡಿ, ಮೇಲೆ ಹೋಗಿ ಕೆಳಗೆ ಬಂದು ಮಲಗಿದ್ವಿ, ಮೈ ಕೇಳೂದೇ ಅದನ್ನ. ಆಮೇಲೆ ಮುಲ್ಬೆಕ್, ನಮಿಕಾ ಲಾ 3700, ಬೋಧ್ ಖರ್ಬು, ಫೋಟು ಲಾ 4108. ಈ ರಸ್ತೆಯ ಅತಿ ಎತ್ತರದ ಜಾಗ ಇದೇ, ಆದ್ರೆ ಇಲ್ಲಿ ಯಾರೂ ಮಲಗೂದಿಲ್ಲ, ಇಳಿದು ಲಾಮಾಯುರುಗೆ ಹೋಗ್ತೀರಿ, 3510. ಮರುದಿನ ಮತ್ತೆ ಇಳಿದು ಸಿಂಧೂ ನದಿ ದಂಡೆಗೆ ಖಲ್ಸಿ, ಸಸ್ಪೋಲ್, 3000 ಚಿಲ್ಲರೆ. ಕೊನೆಗೆ ನಿಮ್ಮು ಮೇಲಿಂದ ಲೇಹ್. ಇಡೀ ದಾರೀಲಿ ಒಂದು ರಾತ್ರಿನೂ 3550 ಮೀಟರಿಗಿಂತ ಮೇಲೆ ಮಲಗೂದಿಲ್ಲ.

ಮನಾಲಿ 2050. ಕೇಲಾಂಗ್ 3080, ಜಿಸ್ಪಾ 3200, ದಾರ್ಚಾ 3360, ಇಲ್ಲೀವರೆಗೆ ಚಲೋನೇ ಅದೆ. ಆಮೇಲೆ ಮಲಗೂಕೆ ಜಾಗ ಸಿಗೂದು ಜಿಂಗ್‌ಜಿಂಗ್‌ಬಾರ್, ಅದು ಸುಮಾರು 4270. ಒಂದೇ ದಿನಕ್ಕೆ 900 ಮೀಟರ್ ಜಿಗಿತ. ಮರುದಿನ ಬಾರಾಲಾಚಾ 4890 ದಾಟಿ ಸರ್ಚು 4290. ಅದರ ಮರುದಿನ ಗಾಟಾ ಲೂಪ್ಸ್‌ನ 21 ತಿರುವು ಹತ್ತಿ ನಕೀ ಲಾ, ಲಾಚುಲುಂಗ್ ಲಾ (ಇದು 5000 ಮೇಲೆ) ದಾಟಿ ಪಾಂಗ್, 4600. ತುಂಬಾ ಜನಕ್ಕೆ ಸರ್ಚು-ಪಾಂಗ್ ಒಂದೇ ದಿನದಲ್ಲಿ ಆಗೂದೂ ಇಲ್ಲ, ನಡುವೆ ವಿಸ್ಕಿ ನಾಲಾ ಹತ್ರ ಇನ್ನೂ ಮೇಲೆ ಟೆಂಟ್ ಹಾಕ್ಬೇಕಾಗ್ತದೆ. ಆಮೇಲೆ ಮೋರೆ ಬಯಲು, ಡೆಬ್ರಿಂಗ್, ತಾಂಗ್ಲಾಂಗ್ ಲಾ 5328, ರುಮ್ಟ್ಸೆ. ನಾಲ್ಕು ರಾತ್ರಿ, ಕೆಲವರಿಗೆ ಐದು, 4000 ಮೀಟರ್ ಮೇಲೇ.

ಇಲ್ಲಿ ಇನ್ನೊಂದು ವಿಷಯ ಅದೆ, ಮ್ಯಾಪ್ ನೋಡಿದ್ರೆ ಗೊತ್ತಾಗೂದಿಲ್ಲ. ದ್ರಾಸ್‌ನಲ್ಲಿ ತಲೆನೋವು ಬಂತು ಅಂದ್ರೆ ಕಾರ್ಗಿಲ್ 60 ಕಿಲೋಮೀಟರ್ ಕೆಳಗೆ, ಆಸ್ಪತ್ರೆ ಅದೆ, ಸೈಕಲ್ ಬಿಟ್ರೆ ತಾನೇ ಹೋಗ್ತದೆ. ಸರ್ಚುವಿನಲ್ಲಿ ಬಂತು ಅಂದ್ರೆ ಹಿಂದೆ ಬಾರಾಲಾಚಾ, ಮುಂದೆ ನಕೀ ಲಾ. ಕೆಳಗಿಳೀಬೇಕು ಅಂದ್ರೂ ಮೊದಲು ಹತ್ತಬೇಕು! ನಮಗೆ ಆಗಿದ್ದು ಇದೇ.

ಭಾವ ಬೈತಖೋಲ ಬಂದರದಲ್ಲಿ ಕೆಲಸ ಮಾಡೂದು, ಅವನಿಗೆ ಬಿಡುವು ಸಿಗೂದು ಮೀನುಗಾರಿಕೆ ಬೋಟುಗಳು ನಿಲ್ಲೂ ಜೂನ್-ಜುಲೈ 61 ದಿನ ಮಾತ್ರ, ಅದಕ್ಕೇ ಜೂನ್ ಕೊನೇಲಿ ಹೊರಟಿದ್ವಿ, ರಜೆ ಕಮ್ಮಿ ಅಂತ ಜಿಸ್ಪಾದಲ್ಲಿ ಉಳೀದೆ ನೇರ ಮೇಲೆ ಹೋದ್ವಿ. ಸರ್ಚುವಿನಲ್ಲಿ ಸಂಜೆ ಅವನಿಗೆ ಊಟ ಬೇಡ ಅಂತು. ಊಟ ಬೇಡ ಅನ್ನೂ ಜನ ಅಲ್ಲ ಅವನು. ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ "ಭಾವಾ, ತಲೆ ಒಡ್ದು ಹೋಗ್ತದೆ ಅನ್ನೂ ಹಾಗೆ ಆಗ್ತಾ ಅದೆ, ಎಂತ ಮಾಡೂದು" ಅಂದ. ಎರಡು ಸಲ ವಾಂತಿ. ನೆಲದ ಮೇಲೆ ಒಂದು ಗೆರೆ ಎಳೆದು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸ್ತಾ ನಡಿ ಅಂದೆ, ನಡೆದ, ವಾಲಲಿಲ್ಲ, ಆ ಒಂದು ಸಮಾಧಾನ. ವಾಲಿದ್ರೆ ಮೆದುಳಿಗೆ ನೀರು ಇಳೀತಾ ಅದೆ ಅಂತ ಅರ್ಥ, ಆಗ ಬೆಳಗಾಗೂವರೆಗೂ ಕಾಯೂ ಹಾಗಿಲ್ಲ. ಹಾಗೇ ಸುಮ್ಮನೆ ಕೂತಾಗಲೂ ಏದುಸಿರು, ನೊರೆ ಕೆಮ್ಮು ಬಂದ್ರೆ ಶ್ವಾಸಕೋಶದ್ದು, ಅದಕ್ಕೂ ಕೂಡಲೇ ಇಳಿಯೂದೊಂದೇ ದಾರಿ. ಬೆಳಿಗ್ಗೆ ಒಂದು ಲಾರಿಯವರು ಇಬ್ಬರನ್ನೂ ಸೈಕಲ್ ಸಮೇತ ಬಾರಾಲಾಚಾ ದಾಟಿಸಿ ಜಿಸ್ಪಾಗೆ ಇಳಿಸಿದ್ರು, ದುಡ್ಡು ಕೊಡೂಕೆ ಹೋದ್ರೆ ತಗೊಳ್ಳಲಿಲ್ಲ. ಜಿಸ್ಪಾ ಮುಟ್ಟೂ ಹೊತ್ತಿಗೆ ಭಾವ ಎರಡು ಪರೋಟಾ ತಿಂದ. ಸಾವಿರ ಮೀಟರ್ ಇಳಿದಿದ್ದಕ್ಕೇ ಅಷ್ಟು ವ್ಯತ್ಯಾಸ.

ಎತ್ತರದ ಕಾಯಿಲೆ ತಡೆಯೂ ಡಯಾಮಾಕ್ಸ್ ಮಾತ್ರೆ ತಗೊಂಡ್ರೆ ಆಗೂದಿಲ್ವಾ ಅಂತ ಕೇಳ್ತಾರೆ. ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡ್ತಾರೆ, ಸಹಾಯ ಮಾಡ್ತದೆ, ಆದ್ರೆ ಸಲ್ಫಾ ಔಷಧಿ ಅಲರ್ಜಿ ಇದ್ದೋರು ಡಾಕ್ಟರಿಗೆ ಹೇಳದೇ ಮುಟ್ಟಬೇಡಿ, ಬೇರೆಯವರೂ ಊರಲ್ಲೇ ಡಾಕ್ಟರ ಹತ್ರ ಕೇಳಿ ತಗೊಂಡು ಹೋಗಿ. ಮಾತ್ರೆ ಇದ್ರೆ ಒಂದು ದಿನ ಉಳಿಸಬಹುದು ಅಂತ ಲೆಕ್ಕ ಹಾಕಬೇಡಿ.

ರಸ್ತೆ ಹೇಗೆ ಅಂದ್ರೆ, ಶ್ರೀನಗರ ದಾರೀಲಿ ಕೆಟ್ಟದ್ದು ಜೋಜಿ ಲಾ ಒಂದೇ. ಮಣ್ಣು, ಧೂಳು, ಮೇಲಿಂದ ಕರಗೂ ಹಿಮದ ನೀರು, ಒಂದು ಬದಿ ಪ್ರಪಾತ, ಮತ್ತೆ ಮಿಲಿಟರಿ ಲಾರಿಗಳ ಸಾಲು. ಮಳೆಗಾಲದಲ್ಲಿ ಅರಬೈಲ್ ಘಾಟಲ್ಲಿ ಲಾರಿ ಹಿಂದೆ ಸಿಕ್ಕಾಕಿಕೊಂಡೋರಿಗೆ ಆ ಭಯ ಗೊತ್ತಿರ್ತದೆ, ಅದಕ್ಕೆ ತಡೆಗೋಡೆ ತೆಗೆದು ನೋಡಿ, ಹಾಗೆ. ಬೆಳಿಗ್ಗೆ ಬೆಳಕು ಹರೀತಿದ್ದ ಹಾಗೆ ಹೊರಡಿ, ಲಾರಿ ಸಾಲು ಬಂದ್ರೆ ಗುಡ್ಡದ ಬದಿಗೆ ಇಳಿದು ನಿಂತ್ಕೊಳ್ಳಿ, ಕಣಿವೆ ಬದಿಗೆ ಯಾವತ್ತೂ ಬೇಡ. ತಳ್ಕೊಂಡು ನಡೆದ್ರೆ ಅವಮಾನ ಏನಿಲ್ಲ, ಅಲ್ಲಿ ಸುಮಾರು ಜನ ತಳ್ತಾರೆ. ಕೆಳಗೆ ದೊಡ್ಡ ಟನಲ್ ಕೊರೀತಾ ಇದ್ದಾರೆ, ಅದು ಪೂರ್ತಿ ಆದ್ರೆ ಲಾರಿ ಎಲ್ಲ ಒಳಗೆ ಹೋಗಿ ಮೇಲಿನ ರಸ್ತೆ ಸೈಕಲ್‌ನೋರಿಗೆ ಹಗುರ ಆಗ್ಬಹುದು. ಜೋಜಿ ದಾಟಿದ್ರೆ ಆಚೆ ಬೇರೆ ಲೋಕ, ಮರ ಮಾಯ, ಒಣ ಗುಡ್ಡ. ಕಾರ್ಗಿಲ್‌ನಿಂದ ಲೇಹ್‌ವರೆಗೆ ಡಾಂಬರು ಎಷ್ಟು ಚಲೋ ಅದೆ ಅಂದ್ರೆ ನಮ್ಮ ಹೈವೇ ನೆನಪಾಗಿ ಬೇಜಾರಾಗ್ತದೆ.

ಮನಾಲಿ ಕಡೆ ಅಟಲ್ ಟನಲ್ 2020ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ಹೆಚ್ಚಿನ ಲಾರಿ ಬಸ್ಸು ಅದರೊಳಗೇ ಹೋಗ್ತಾವೆ, 9 ಕಿಲೋಮೀಟರ್ ಟನಲ್ ಅದು. ಸೈಕಲ್‌ನೋರಿಗೆ ನಾನು ಹೇಳೂದು ಹಳೇ ರೋಹ್ತಾಂಗ್ ರಸ್ತೆಯೇ ಹತ್ತಿ ಅಂತ, 3978 ಮೀಟರ್ ಹೋಗಿ ಆಚೆ 3100ಕ್ಕೆ ಇಳಿದು ಮಲಗೂದು ಮೈಗೆ ಒಳ್ಳೇ ಅಭ್ಯಾಸ, ಟನಲಲ್ಲಿ ಹೋದ್ರೆ ಅದು ತಪ್ಪಿಹೋಗ್ತದೆ. ಮನಾಲಿ ದಾರೀಲಿ ಇನ್ನೊಂದು ಕಾಟ ನಾಲಾಗಳು, ಮಧ್ಯಾಹ್ನ ಬಿಸಿಲಿಗೆ ಹಿಮ ಕರಗಿ ರಸ್ತೆ ಮೇಲೇ ಹಳ್ಳ ಹರೀತದೆ, ಬೆಳಿಗ್ಗೆ ಪಾದ ಮುಳುಗೂ ನೀರು ಸಂಜೆಗೆ ಮೊಣಕಾಲು. ನಮ್ಮಲ್ಲಿ ಹಳ್ಳ ಏರೂದು ಮಳೆ ನೋಡಿ, ಅಲ್ಲಿ ಬಿಸಿಲು ನೋಡಿ. ಬೆಳಿಗ್ಗೆಯೇ ದಾಟಿಬಿಡ್ಬೇಕು.

ಊಟ, ನೀರು, ಮನುಷ್ಯರು ಈ ಮೂರರಲ್ಲೂ ಶ್ರೀನಗರ ದಾರಿ ಮೇಲು. 20-30 ಕಿಲೋಮೀಟರಿಗೆ ಊರು ಸಿಗ್ತದೆ, ಶಾಲೆ ಮಕ್ಕಳು ಕೈ ಚಾಚಿ ಹೈಫೈ ಕೊಡೂಕೆ ಓಡಿ ಬರ್ತಾವೆ, ಆಗಸ್ಟಲ್ಲಿ ಹೋದ್ರೆ ಕಾರ್ಗಿಲ್, ಖಲ್ಸಿ ಕಡೆ ಜರ್ದಾಳು ಹಣ್ಣಿನ ಕಾಲ, ಒಣಗಿದ್ದಷ್ಟೇ ತಿಂದ ನಮಗೆ ಮರದಿಂದ ಕಿತ್ತ ಹಸಿ ಜರ್ದಾಳು ಅಂದ್ರೆ ಏನು ಅಂತ ಗೊತ್ತಾಗೂದು ಅಲ್ಲೇ. ದ್ರಾಸ್‌ನಲ್ಲಿ 1999ರ ಯುದ್ಧದ ಸ್ಮಾರಕದ ಹಿಂದೆ ತೋಲೋಲಿಂಗ್ ಗುಡ್ಡ ನೋಡಿ ಸುಮ್ಮನೆ ಒಂದು ತಾಸು ಕೂತಿದ್ದೆ, ಆ ಎತ್ತರದಲ್ಲಿ ಎರಡು ಚೀಲದ ಸೈಕಲ್ ತಳ್ಳೂಕೇ ನಮಗೆ ಉಸಿರು ಸಾಲೂದಿಲ್ಲ, ನಮ್ಮ ಸೈನಿಕರು ಬಂದೂಕು ಹೊತ್ತು ರಾತ್ರಿ ಹತ್ತಿದ್ದು. ಮನಾಲಿ ಕಡೆ ದಾರ್ಚಾ ಬಿಟ್ರೆ ರುಮ್ಟ್ಸೆವರೆಗೆ ಖಾಯಂ ಊರೇ ಇಲ್ಲ, ಬೇಸಿಗೇಲಿ ಹಾಕೂ ಟೆಂಟ್ ಢಾಬಾಗಳು ಮಾತ್ರ, ದಾಲ್ ಅನ್ನ, ಮ್ಯಾಗಿ, ಆಮ್ಲೆಟ್, ಅಲ್ಲೇ ಹಾಸಿಗೆ. ಕೇಲಾಂಗ್ ಹತ್ರ ತಾಂಡಿ ಪೆಟ್ರೋಲ್ ಬಂಕಲ್ಲಿ ಮುಂದಿನ ಬಂಕ್ 365 ಕಿಲೋಮೀಟರ್ ಅಂತ ಬೋರ್ಡ್ ಹಾಕಿದ್ರು, ಸೈಕಲ್‌ಗೆ ಪೆಟ್ರೋಲ್ ಬೇಡ ಆದ್ರೂ ಆ ಬೋರ್ಡ್ ನೋಡಿ ಮುಂದೆ ಎಷ್ಟು ಖಾಲಿ ಅಂತ ಅರ್ಥ ಆಗ್ತದೆ. ಆದ್ರೆ ಆ ಖಾಲಿತನಕ್ಕಾಗೇ ಜನ ಆ ದಾರಿ ಹಿಡೀತಾರೆ ಅನ್ನೂದನ್ನೂ ಹೇಳ್ಬೇಕು. ಮೋರೆ ಬಯಲಲ್ಲಿ 40 ಕಿಲೋಮೀಟರ್ ಸಪಾಟು, ಎರಡೂ ಬದಿ ಗುಡ್ಡ, ಒಂದು ಶಬ್ದ ಇಲ್ಲ. ಅಂಥದ್ದು ಶ್ರೀನಗರ ದಾರೀಲಿ ಇಲ್ಲ.

ಊಟದ ಮಾತು ಬಂತು ಅಂತ ಹೇಳ್ತೇನೆ, ಎತ್ತರಕ್ಕೆ ಹೋದ ಹಾಗೆ ಹಸಿವೆ ಸತ್ತುಹೋಗ್ತದೆ, ತಿನ್ನದೇ ಇದ್ರೆ ಮರುದಿನ ಕಾಲು ಏಳೂದಿಲ್ಲ. ಶಿರಸಿ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಸಣ್ಣ ಡಬ್ಬಿ ತಗೊಂಡು ಹೋಗಿ, ಅದರ ವಾಸನೆಗೇ ಎರಡು ತುತ್ತು ಅನ್ನ ಒಳಗೆ ಹೋಗ್ತದೆ. ಒಣ ಮುರುಗಲು ಸಿಪ್ಪೆ, ಬೆಲ್ಲ, ಉಪ್ಪು ಬಾಟ್ಲಿಗೆ ಹಾಕಿದ್ರೆ ನೀರು ಕುಡಿಯೂಕೆ ಮನಸ್ಸು ಬರ್ತದೆ. ನಾಲ್ಕು ಲೀಟರ್ ಕುಡೀಬೇಕು ದಿನಕ್ಕೆ, ಅಲ್ಲಿ ಬೆವರು ಕಾಣೂದಿಲ್ಲ, ಒಣ ಗಾಳಿ ಎಳ್ಕೊಂಡು ಹೋಗಿರ್ತದೆ.

ಹಾಗಾದ್ರೆ ಶ್ರೀನಗರ ದಾರಿಗೆ ಕೊರತೆಯೇ ಇಲ್ವಾ? ಅದೆ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿ ಆದಮೇಲೆ ಮನೆಯಲ್ಲಿ ಕಾಶ್ಮೀರ ಅಂದ್ರೆ ಆಯಿ ಒಪ್ಪೂದಿಲ್ಲ, ಅದು ಸುಳ್ಳು ಭಯ ಅಂತ ನಾನು ಯಾರಿಗೂ ಹೇಳೂದಿಲ್ಲ. ಹೊರಡೂ ವಾರ ಪರಿಸ್ಥಿತಿ ನೋಡಿ, ಅಲ್ಲಿ ಪೊಲೀಸರು ಇವತ್ತು ಹೋಗಬೇಡಿ ಅಂದ್ರೆ ಹೋಗಬೇಡಿ. ಇನ್ನೊಂದು ಅಮರನಾಥ ಯಾತ್ರೆ, ಜುಲೈ-ಆಗಸ್ಟಲ್ಲಿ ಸೋನಾಮಾರ್ಗ್ ಹತ್ರದ ಬಾಲ್ತಾಲ್‌ವರೆಗೆ ಯಾತ್ರೆ ಗಾಡಿಗಳದ್ದೇ ರಾಜ್ಯ, ರಸ್ತೆ ನಿಲ್ಲಿಸ್ತಾರೆ, ರೂಮ್ ಸಿಗೂದಿಲ್ಲ. ಮತ್ತೆ ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರ ಲಡಾಖ್ ಎಲ್ಲೂ ನಡೆಯೂದಿಲ್ಲ, ಇಲ್ಲೇ ಪೋಸ್ಟ್‌ಪೇಯ್ಡ್ ಮಾಡಿಸ್ಕೊಂಡು ಹೋಗಿ, ಇಲ್ಲಾಂದ್ರೆ ಮನೆಯೋರು ನಾಲ್ಕು ದಿನ ಫೋನ್ ಇಲ್ಲ ಅಂತ ಕಂಗಾಲಾಗ್ತಾರೆ.

ಮನೇಲಿ ಕಾಶ್ಮೀರ ಬೇಡವೇ ಬೇಡ ಅಂದ್ರೆ, ಮನಾಲಿನೇ ಆಗ್ಲಿ, ಆದ್ರೆ ಹೀಗೆ ಮಾಡಿ. ರೋಹ್ತಾಂಗ್ ಹತ್ತಿ ಇಳಿಯಿರಿ, ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಮೂರು ರಾತ್ರಿ ಮಲಗಿ, ನಡುವೆ ಒಂದು ದಿನ ಚೀಲ ಎಲ್ಲ ರೂಮಲ್ಲಿ ಬಿಟ್ಟು ಖಾಲಿ ಸೈಕಲ್ ಮೇಲೆ ಜಿಂಗ್‌ಜಿಂಗ್‌ಬಾರ್ ದಿಕ್ಕಿಗೆ ಎಷ್ಟಾಗ್ತದೋ ಅಷ್ಟು ಹತ್ತಿ ವಾಪಸ್ ಬನ್ನಿ. ಎರಡು ದಿನ ರಜೆ ಜಾಸ್ತಿ ಹೋಗ್ತದೆ, ಹೋಗ್ಲಿ. ಬೆಳಿಗ್ಗೆ ತಲೆನೋವು ಇದ್ರೆ ಅವತ್ತು ಮೇಲೆ ಹೋಗೂದಿಲ್ಲ ಅಂತ ಹೊರಡೂ ಮುಂಚೆಯೇ ಇಬ್ಬರೂ ಮಾತಾಡ್ಕೊಳ್ಳಿ, ಅಲ್ಲಿ ಹೋದಮೇಲೆ ಯಾರೂ ಒಪ್ಪೂದಿಲ್ಲ. ನಮ್ಮಲ್ಲಿ ದೊಡ್ಡೋರ ಎದುರು, ಭಾವನ ಎದುರು 'ನನಗೆ ಆಗ್ತಿಲ್ಲ' ಅನ್ನೂಕೆ ಸಂಕೋಚ ಬೇರೆ.

ಎಲ್ಲಕ್ಕಿಂತ ಒಳ್ಳೇದು ಮೂರನೇ ದಾರಿ, ರಜೆ ಇದ್ದೋರಿಗೆ: ಶ್ರೀನಗರದಿಂದ ಹತ್ತಿ ಲೇಹ್ ಮುಟ್ಟಿ, ಮೂರು ದಿನ ಉಳಿದು, ಮನಾಲಿಗೆ ಇಳಿಯೂದು. ಎರಡನೇ ಸಲ ನಾನು ಹಾಗೇ ಮಾಡಿದ್ದು. ಆಗ ಮೈ ತಯಾರಾಗಿರ್ತದೆ, ತಾಂಗ್ಲಾಂಗ್ ಲಾ 5328 ಮೊದಲೇ ಮುಗಿದುಹೋಗ್ತದೆ, ದಿನ ಕಳೆದ ಹಾಗೆ ಎತ್ತರ ಕಮ್ಮಿ ಆಗ್ತಾ ಬರ್ತದೆ. ಅದೇ ಸರ್ಚುವಿನಲ್ಲಿ ಈ ಸಲ ಅನ್ನ ದಾಲ್ ಎರಡು ಸಲ ಹಾಕಿಸ್ಕೊಂಡು ಬೆಳಿಗ್ಗೆವರೆಗೂ ನಿದ್ದೆ ಮಾಡಿದೆ. ಇಷ್ಟು ರಜೆ ಇಲ್ಲ, ಆದ್ರೂ 5000 ಮೀಟರ್ ದಾಟಿದೆ ಅನ್ನಿಸ್ಕೊಳ್ಬೇಕು ಅಂದ್ರೆ ಲೇಹ್‌ನಿಂದ ಖರ್ದುಂಗ್ ಲಾ ಅದೆ, 39 ಕಿಲೋಮೀಟರ್, 5359 ಮೀಟರ್, ಅಂದ್ರೆ ಲೇಹ್‌ನಿಂದ ಏರೂದು ಮೂರು ಶಿರಸಿ. ಚೀಲ ಹೋಟೆಲಲ್ಲಿ ಬಿಟ್ಟು ಖಾಲಿ ಸೈಕಲಲ್ಲಿ ಹೋಗಿ ಸಂಜೆಗೆ ವಾಪಸ್ 3500ಕ್ಕೆ ಬಂದು ಮಲಗಬಹುದು. ಮೇಲೆ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಡಿ, ಫೋಟೋ ತೆಗೆದು ಇಳೀರಿ.

ತಯಾರಿಗೆ ನಮ್ಮ ಘಾಟುಗಳಲ್ಲಿ ಯಾವುದು ಅಂದ್ರೆ, ಅರಬೈಲ್ ಬೇಡ. ಅಂಕೋಲಾ-ಹುಬ್ಬಳ್ಳಿ ಹೈವೇಯ ಲಾರಿ ಎಲ್ಲ ಅಲ್ಲೇ, 2025ರ ಜನವರಿಯಲ್ಲಿ ಸವಣೂರಿಂದ ಕುಮಟಾ ಸಂತೆಗೆ ಬರ್ತಿದ್ದ ಹಣ್ಣು-ತರಕಾರಿ ಲಾರಿ ಗುಳ್ಳಾಪುರ ಹತ್ರ ಕಣಿವೆಗೆ ಬಿದ್ದು 10 ಜನ ಹೋದ್ರು, ಆ ರಸ್ತೆ ಬದೀಲಿ ಸೈಕಲ್‌ಗೆ ಜಾಗ ಇಲ್ಲ. ಕಾರವಾರದೋರಿಗೆ ಕದ್ರಾ ಮೇಲಿಂದ ಅಣಶಿ ಘಾಟ್ ಚಲೋ, ಕಾಳಿ ದಂಡೆಯ ಸಪಾಟು ರಸ್ತೆ ಮುಗಿದ ಕೂಡಲೇ ಏರು ಶುರು, ನೆರಳು, ಗಾಡಿ ಕಮ್ಮಿ. ಹುಲಿ ಸಂರಕ್ಷಿತ ಕಾಡು ಅದು, ಹಗಲಲ್ಲಿ ಮಾತ್ರ ಹೋಗಿ. ಹೊನ್ನಾವರದೋರು ಗೇರುಸೊಪ್ಪೆ ಮೇಲಿಂದ ಜೋಗಕ್ಕೆ ಹತ್ತಬಹುದು. ಮುಖ್ಯ ಅಂದ್ರೆ ಪೂರ್ತಿ ಸಾಮಾನು ಕಟ್ಕೊಂಡು ಮೂರು ದಿನ ಬಿಡದೇ ಹೊಡೀಬೇಕು: ಮೊದಲ ದಿನ ಕಾರವಾರದಿಂದ ಅಣಶಿ ಹತ್ತಿ ಜೋಯಿಡಾ, ಎರಡನೇ ದಿನ ಯಲ್ಲಾಪುರ, ಮೂರನೇ ದಿನ ಶಿರಸಿ ಮೇಲಿಂದ ದೇವಿಮನೆ ಇಳಿದು ಕುಮಟಾ. ಒಂದು ದಿನ ಹತ್ತೂಕೆ ಯಾರಿಗೂ ಆಗ್ತದೆ, ಮೂರನೇ ದಿನ ಬೆಳಿಗ್ಗೆ ಸೀಟ್ ಮೇಲೆ ಕೂರೂದೇ ಪರೀಕ್ಷೆ. ಗೇರ್ ವಿಷಯದಲ್ಲಿ ಮುಂದಿನ ಸಣ್ಣ ಚಕ್ರಕ್ಕೆ 26 ಹಲ್ಲಿಗಿಂತ ಜಾಸ್ತಿ ಬೇಡ, ಹಿಂದಿನ ದೊಡ್ಡದಕ್ಕೆ 34 ಅಥವಾ 36 ಇರ್ಲಿ, ಗಂಟೆಗೆ ಐದು ಕಿಲೋಮೀಟರಲ್ಲೂ ಕಾಲು ತಿರುಗ್ತಾ ಇರ್ಬೇಕು.

ಯಾವಾಗ ಹೋಗೂದು? ನಮ್ಮೋರು ಹೇಗೂ ಚೌತಿ ಬಿಟ್ಟು ಊರು ಬಿಡೂದಿಲ್ಲ, ಅದೇ ಒಳ್ಳೇದಾಯ್ತು. ಚೌತಿ ಹೊತ್ತಿಗೆ ಅಮರನಾಥ ಯಾತ್ರೆ ಮುಗಿದಿರ್ತದೆ, ಅಲ್ಲಿಯ ಮಳೆಯೂ ಹಿಂದೆ ಸರೀತಾ ಇರ್ತದೆ, ನಾಲಾಗಳಲ್ಲಿ ನೀರು ಇಳಿದಿರ್ತದೆ. ಗಣಪತಿ ಕಳಿಸಿ ಹೊರಡಿ. ಆದ್ರೆ ಚೌತಿ ತಡ ಬಂದ ವರ್ಷ, 2026ರಲ್ಲಿ ಸೆಪ್ಟೆಂಬರ್ 14ಕ್ಕೆ ಅದೆ ನೋಡಿ, ಆಗ ಮನಾಲಿಗೆ ಇಳಿಯೂ ಆಸೆ ಬಿಟ್ಟು ಲೇಹ್‌ಗೇ ಮುಗಿಸಿ, ಅಷ್ಟೊತ್ತಿಗೆ ಸರ್ಚು-ಪಾಂಗ್ ಟೆಂಟ್‌ಗಳು ಕಟ್ಟಿ ಇಳಿಯೂಕೆ ಶುರು ಮಾಡಿರ್ತಾವೆ, ಚಳಿನೂ ಬೇರೆ ಥರದ್ದು. ಕಾರವಾರದಿಂದ ಮಂಗಳಾ ಎಕ್ಸ್‌ಪ್ರೆಸ್ಸಲ್ಲಿ ಸೈಕಲ್ ಬ್ರೇಕ್ ವ್ಯಾನಿಗೆ ಹಾಕಿ ದಿಲ್ಲಿವರೆಗೆ ಹೋಗಬಹುದು. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ರಟ್ಟು ಸುತ್ತಿ, ಎರಡು ಕಡೆ ದೊಡ್ಡ ಅಕ್ಷರದಲ್ಲಿ ಹೆಸರು, ಇಳಿಯೂ ಸ್ಟೇಷನ್ ಬರೀರಿ, ಡಿರೇಲರ್ (ಗೇರ್ ಬದಲಿಸೂ ಭಾಗ) ಬದಿಗೆ ಎರಡು ಪದರ ರಟ್ಟು. ನನ್ನದು ಒಂದು ಸಲ ಆ ಡಿರೇಲರ್ ಹಿಡಿಯೂ ಹ್ಯಾಂಗರ್ ಬಗ್ಗಿ ದಿಲ್ಲಿ ಮುಟ್ಟಿತ್ತು, ಅವತ್ತಿನಿಂದ ಚೀಲದಲ್ಲಿ ಒಂದು ಹೆಚ್ಚಿನ ಹ್ಯಾಂಗರ್ ಯಾವಾಗಲೂ ಇಟ್ಕೊಂಡಿರ್ತೇನೆ. ಇಪ್ಪತ್ತು ಗ್ರಾಂ ಭಾರ ಅಷ್ಟೇ, ಆದ್ರೆ ಕಾರ್ಗಿಲ್ ಅಂಗಡೀಲಿ ಅದು ಸಿಗ್ತದೆ ಅಂತ ನಂಬ್ಕೊಂಡು ಹೋಗಬೇಡಿ.